ಕಡಲಾಮೆಯ ಪಾಠ ಮರಳಿನ ಮೇಲೆ ನಡೆಯಲಿ

ಮಾನ್ಯ ಸಂಪಾದಕರೇ,

ಕಳೆದ ಫೆಬ್ರುವರಿಯ ಒಂದು ಮುಂಜಾವ ಮೊಮ್ಮಗಳ ಜೊತೆ ಹೊನ್ನಾವರದ ಕಾಸರಕೋಡು ಕಡಲತೀರದಲ್ಲಿದ್ದೆ. ಬಲೆ ಕಟ್ಟಿ ಕಾಯ್ದಿದ್ದ ಗೂಡಿನ ಮರಳು ಮೆಲ್ಲನೆ ಕುಸಿದು, ಬೂದುಗಪ್ಪು ಮರಿಯೊಂದು ತಲೆ ಹೊರಹಾಕಿತು. ಆಲಿವ್ ರಿಡ್ಲೆ ಕಡಲಾಮೆಯ ಮರಿ! ಎತ್ತಿ ನೀರಿಗೆ ಬಿಡಲು ಹೊರಟವಳನ್ನು ಮೀನುಗಾರರೊಬ್ಬರು ತಡೆದರು: ‘ಬೇಡ ಮಗೂ, ಅದು ತಾನೇ ತೆವಳಿ ಹೋಗಬೇಕು.’ ಆಮೇಲೆ ಅವಳು ಗೂಡಿನಲ್ಲುಳಿದ ಒಡೆದ ಮೊಟ್ಟೆಚಿಪ್ಪುಗಳನ್ನು ಒಂದೊಂದಾಗಿ ಎಣಿಸಿ ಪುಸ್ತಕದಲ್ಲಿ ಬರೆದುಕೊಂಡಳು.

ಒಂದು ಗೂಡಿನಲ್ಲಿ ಸುಮಾರು 100 ಮೊಟ್ಟೆ, ಮರಿಯಾಗಲು 45ರಿಂದ 60 ದಿನ. ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಬಿಸಿಯೇ ನಿರ್ಧರಿಸುತ್ತದೆ. ಇದನ್ನು ಅವಳಿಗೆ ಉರು ಹೊಡೆಸಬೇಕಾಗಲಿಲ್ಲ. ದಡದ ದೀಪಗಳು ಮರಿಗಳ ದಾರಿ ತಪ್ಪಿಸುತ್ತವೆ ಎಂದು ತಿಳಿದವಳು ಊರಿನ ಬೀದಿದೀಪಗಳನ್ನೆಲ್ಲ ಅನುಮಾನದಿಂದ ನೋಡತೊಡಗಿದ್ದಾಳೆ.

ನಮ್ಮ ಅನೇಕ ಶಾಲೆಗಳಲ್ಲಿ ಪರಿಸರ ಸಂಘವೆಂದರೆ ಜೂನ್ 5ರಂದು ನೆಡುವ ಒಂದು ಸಸಿ, ಒಂದು ಫೋಟೊ. ಕರಾವಳಿಯ ಮಕ್ಕಳಿಗೆ ಇದು ಸಾಲದು; ಶಾಲೆಯೇ ಅವರನ್ನು ಆಮೆಗೂಡಿನ ಬಳಿಗೆ ಕರೆದೊಯ್ಯಲಿ. ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆಯುಳ್ಳ ಜೀವಿ. ಹಾಗಾಗಿ ಅರಣ್ಯ ಸಿಬ್ಬಂದಿ ಜೊತೆಗಿರಲೇಬೇಕು. ಗೂಡಿಗೆ ಬೇಲಿ ಕಟ್ಟುವುದು, ಹರಿದ ಬಲೆ, ಪ್ಲಾಸ್ಟಿಕ್ ಹೆಕ್ಕುವುದು, ದಿನಾಂಕ ಬರೆದಿಡುವುದು ಮಕ್ಕಳಿಂದ ಸಾಧ್ಯ.

ಮರಿ ಹೊರಬರುವ ಕಾಲಕ್ಕೇ ಪರೀಕ್ಷೆಯ ಗಡಿಬಿಡಿ ಇರುತ್ತದೆ, ನಿಜ. ಶಿಕ್ಷಣ ಇಲಾಖೆ ಎರಡು ಬೆಳಗುಗಳನ್ನಾದರೂ ಬಿಟ್ಟುಕೊಡಲಿ.

– ನಿವೃತ್ತ ಶಿಕ್ಷಕಿ, ಹೊನ್ನಾವರ