ತೊಟ್ಟಿಮನೆ ಕೆಡವುವ ಮುಂಚೆ ಬಡಗಿಯನ್ನು ಕೇಳಿ

ಮಾನ್ಯ ಸಂಪಾದಕರೇ,

ಗುಬ್ಬಿಯಲ್ಲಿ ನಲವತ್ತು ವರ್ಷ ಮರಗೆಲಸ ಮಾಡಿದವನು ನಾನು. ಮಗಳ ಬಾಣಂತನಕ್ಕೆಂದು ನನ್ನಾಕೆ ಜೊತೆ ಇಂಗ್ಲೆಂಡಿಗೆ ಹೋಗಿದ್ದಾಗ, ಅಳಿಯಂದಿರು ಗ್ಲಾಸ್ಟರ್ ಊರಿನ ‘ನ್ಯೂ ಇನ್’ ತೋರಿಸಿದರು. ಹೆಸರು ‘ಹೊಸ ಛತ್ರ’ ಅಂತಿದ್ದರೂ 1450ರ ಸುಮಾರಿಗೆ ಅಲ್ಲಿನ ಮಠದವರು ಯಾತ್ರಿಕರಿಗಾಗಿ ಕಟ್ಟಿಸಿದ್ದು. ಆಮೇಲೆ ಪಬ್ ಆಗಿದೆ. ಕುಡಿಯುವ ಜಾಗ ಅಂತ ಹೊಸ್ತಿಲಲ್ಲೇ ಹಿಂಜರಿದೆ. ಒಳಗೆ ನೋಡಿದರೆ ನಡುವೆ ಬಯಲು ಅಂಗಳ, ಸುತ್ತಲೂ ಮರದ ಕಂಬ, ಮೇಲೆ ಕಟಕಟೆ ಹಾಕಿದ ಪಡಸಾಲೆ. ಥೇಟ್ ನಮ್ಮ ತೊಟ್ಟಿಮನೆ!

ಆ ಕಾಲದ ಬಡಗಿಗಳು ಓಕ್ ಮರವನ್ನು ಹಸಿಯಿದ್ದಾಗಲೇ ಕೆತ್ತುತ್ತಿದ್ದರು. ಒಂದು ಮರದ ನಾಲಗೆ ಇನ್ನೊಂದರ ಕುಳಿಯೊಳಗೆ ಕೂರಬೇಕು. ನಾಲಗೆಯ ತೂತನ್ನು ಒಂದೆಳೆ ಹಿಂದಕ್ಕೆ ಕೊರೆದು ಮರದ ಗೂಟ ಹೊಡೆದರೆ, ಗೂಟ ಇಳಿದ ಹಾಗೆಲ್ಲ ಎರಡೂ ಮರ ಬಿಗಿದುಕೊಳ್ಳುತ್ತವೆ. ನಮ್ಮಪ್ಪ ಹಲಸಿನ ತೊಲೆಗೆ ಮಾಡುತ್ತಿದ್ದುದೂ ಇದನ್ನೇ. ಭಾರವೆಲ್ಲ ಕಂಬ-ತೊಲೆಗಳದ್ದು, ನಡುವಿನ ಗೋಡೆ ಬರೀ ಕಡ್ಡಿ ತಡಿಕೆಗೆ ಮಣ್ಣು, ಹುಲ್ಲು, ಸಗಣಿ ಕಲಸಿ ಮೆತ್ತಿದ್ದು. ಹೌದು, ಅಲ್ಲೂ ಸಗಣಿಯೇ.

ಆ ದೇಶದಲ್ಲಿ 1947ರ ಕಾಯಿದೆಯಿಂದ ಇಂಥ ಕಟ್ಟಡಗಳ ಪಟ್ಟಿ ಇಟ್ಟಿದ್ದಾರೆ. ಆ ನ್ಯೂ ಇನ್ ಮೊದಲ ದರ್ಜೆಯದು. ಮಾಲೀಕರು ವ್ಯಾಪಾರ ಮಾಡಬಹುದು, ಅಪ್ಪಣೆಯಿಲ್ಲದೆ ಕಂಬ ಕೀಳುವಂತಿಲ್ಲ.

ಊರಿಗೆ ಬಂದ ತಿಂಗಳೊಳಗೆ ನಮ್ಮ ಹಿಂದಿನ ಬೀದಿಯ ತೊಟ್ಟಿಮನೆಗೆ ಜೆಸಿಬಿ ಬಂತು. ಹೋಗಿ ಕಂಬಗಳನ್ನು ಒಂದೊಂದಾಗಿ ಬೆರಳಲ್ಲಿ ತಟ್ಟಿ ನೋಡಿದೆ. ಎರಡರ ಬುಡ ಮಾತ್ರ ಗೆದ್ದಲು ಹಿಡಿದು ಟೊಳ್ಳಾಗಿತ್ತು, ಮಿಕ್ಕ ಆರು ಕಲ್ಲಿನ ಹಾಗಿದ್ದವು. ಮೊಣಕಾಲೆತ್ತರಕ್ಕೆ ಕೊಯ್ದು, ಹೊಸ ತುಂಡನ್ನು ಓರೆಯಾಗಿ ಬೆಸೆದು, ಅಡಿಗೆ ಕಲ್ಲು ಕೊಟ್ಟಿದ್ದರೆ ಮೊಮ್ಮಕ್ಕಳ ಕಾಲಕ್ಕೂ ನಿಲ್ಲುತ್ತಿತ್ತು. ಸಂಜೆಯೊಳಗೆ ಕಂಬದ ತಲೆಯ ಮೇಲೆ ಕೂರಿಸಿದ್ದ, ಗಿಳಿ ಕೆತ್ತಿದ ಬೋದಿಗೆಗಳು ಲಾರಿ ಹತ್ತಿ ಬೆಂಗಳೂರಿನ ಕಡೆ ಹೋದವು. ಮನೆಯ ಅಜ್ಜಿ ಜಗಲಿ ಮೇಲೆ ಕೂತು ನೋಡುತ್ತಿದ್ದರು. ಆ ಮನೆಯವರನ್ನು ನಾನು ದೂರುವುದಿಲ್ಲ; ರಿಪೇರಿ ಆಗುತ್ತದೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ನಮ್ಮ ಜಿಲ್ಲೆಯ ಪಂಚಾಯಿತಿಗಳು ಉಳಿದಿರುವ ಮರದ ಮನೆಗಳನ್ನು ಈಗಲೇ ಪಟ್ಟಿ ಮಾಡಲಿ. ಕೆಡವಲು ಅನುಮತಿ ಕೊಡುವ ಮುಂಚೆ ಒಬ್ಬ ಅನುಭವಸ್ಥ ಬಡಗಿಯಿಂದ ಪರೀಕ್ಷೆ ಮಾಡಿಸಲಿ, ರಿಪೇರಿಗೆ ಒಂದಿಷ್ಟು ಸಹಾಯಧನ ಕೊಡಲಿ. ಗುಬ್ಬಿ ಸುತ್ತಮುತ್ತ ಯಾರು ಕರೆದರೂ ನಾನೇ ಬಂದು ಕಂಬ ತಟ್ಟಿ ನೋಡಿ ಹೇಳುತ್ತೇನೆ. ಕೂಲಿ ಬೇಡ.

– ಹಳೆಯ ಬಡಗಿ, ಗುಬ್ಬಿ, ತುಮಕೂರು ಜಿಲ್ಲೆ