ರಟ್ಟಿನ ಹೊದಿಕೆ ಬೇಡ, ಮಗಳೇ

ಮಡಿಕೇರಿ
ತುಲಾ ಸಂಕ್ರಮಣದ ಮರುದಿನ

ಪ್ರೀತಿಯ ಮಗಳಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಕಥೆಗಳು ಪುಸ್ತಕವಾಗುತ್ತಿವೆ ಎಂದು ಓದಿ ಕಣ್ಣು ತುಂಬಿತು. ಆದರೆ ಗಟ್ಟಿ ರಟ್ಟು, ಚಿನ್ನದ ಬಣ್ಣದ ಅಕ್ಷರ, 300 ಪ್ರತಿ, 500 ರೂಪಾಯಿ ಬೆಲೆ ಎಂದಿದ್ದೀಯಲ್ಲ, ಅದಕ್ಕೆ ನನ್ನ ಮನಸ್ಸು ಒಪ್ಪುತ್ತಿಲ್ಲ.

ನಿನ್ನ ವಯಸ್ಸಿನಲ್ಲಿ ನಾನೂ ಹಾಗೇ ಮಾಡಿದ್ದೆ. ಬಿಡುಗಡೆಗೆ ಬಂದವರು ಪುಸ್ತಕ ಕೈಗೆತ್ತಿಕೊಂಡರು, ಹಿಂದೆ ತಿರುಗಿಸಿ ಬೆಲೆ ನೋಡಿದರು, ಮೆಲ್ಲಗೆ ಅಲ್ಲೇ ಇಟ್ಟರು. ಉಳಿದ ಕಟ್ಟುಗಳು ಅಟ್ಟ ಸೇರಿದವು. ನಮ್ಮ ಮಳೆಗಾಲ ನಿನಗೆ ಗೊತ್ತೇ ಇದೆ. ರಟ್ಟು ತೇವ ಹೀರಿ ಸೊಟ್ಟಗಾಯಿತು, ಬೂಷ್ಟು ಹಿಡಿಯಿತು, ಅಂಟಿನ ರುಚಿಗೆ ಹುಳ ಬಂತು. ನಿನ್ನೆ ಒಳ್ಳೆ ಬಿಸಿಲಿತ್ತು, ಕಾಫಿ ಕಣದಲ್ಲಿ ಅವನ್ನು ಹರಡಿ ಕೂತಿದ್ದೆ. ಯಾರೂ ತೆರೆಯದ ಹಾಳೆಗಳು, ಮಗಳೇ.

1935ರಲ್ಲಿ ಲಂಡನ್ನಿನ ಪ್ರಕಾಶಕ ಅಲೆನ್ ಲೇನ್ ಪೆಂಗ್ವಿನ್ ಹೆಸರಿನಲ್ಲಿ ತೆಳು ಹೊದಿಕೆಯ ಹತ್ತು ಪುಸ್ತಕ ತಂದರು. ಒಂದಕ್ಕೆ 6 ಪೆನ್ಸ್. ಹತ್ತು ಸಿಗರೇಟಿನ ಪೊಟ್ಟಣಕ್ಕೂ ಆಗ ಅಷ್ಟೇ. ರಟ್ಟು ಕಟ್ಟಿದ ಹೊಸ ಕಾದಂಬರಿಗೆ ಏಳೂವರೆ ಶಿಲ್ಲಿಂಗ್; ಆಗ ಹನ್ನೆರಡು ಪೆನ್ಸ್‌ಗೆ ಒಂದು ಶಿಲ್ಲಿಂಗ್, ಅಂದರೆ ಹದಿನೈದು ಪಟ್ಟು. ಪುಸ್ತಕದಂಗಡಿಯವರು ಹಿಂಜರಿದರು. ಕೈಹಿಡಿದದ್ದು ಅಗ್ಗದ ಸಾಮಾನು ಮಾರುವ ವುಲ್‌ವರ್ತ್ ಅಂಗಡಿಗಳು, 63,500 ಪ್ರತಿ ಕೊಂಡವು. ಅವೆಲ್ಲ ಮೊದಲೇ ಅಚ್ಚಾಗಿದ್ದ ಕೃತಿಗಳ ಮರುಮುದ್ರಣ, ನಿನ್ನದು ಹೊಸದು, ಆ ವ್ಯತ್ಯಾಸ ನನಗೆ ತಿಳಿದಿದೆ. ಲೆಕ್ಕ ಮಾತ್ರ ಒಂದೇ: ಅಕ್ಷರ ಜೋಡಣೆ, ಪ್ಲೇಟಿನ ಖರ್ಚು ನೂರು ಪ್ರತಿಗೂ ಅಷ್ಟೇ, ಸಾವಿರಕ್ಕೂ ಅಷ್ಟೇ. ಹೆಚ್ಚು ಅಚ್ಚು ಹಾಕಿದಷ್ಟೂ ಒಂದೊಂದರ ಮೇಲಿನ ಭಾರ ಇಳಿಯುತ್ತದೆ.

ಸಾವಿರ ಪ್ರತಿ ಹಾಕಿಸಿದರೆ ಕೊಳ್ಳುವ ಸಾವಿರ ಜನ ಎಲ್ಲಿಂದ ಬರುತ್ತಾರೆ ಎನ್ನುತ್ತೀಯ. ನಮ್ಮ ಗಳಗನಾಥರು ತಮ್ಮ ಕಾದಂಬರಿಗಳನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ನೆನೆದಾಗಲೆಲ್ಲ ಕೈ ಮುಗಿಯುವಂತಾಗುತ್ತದೆ. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಶುರುಮಾಡಿದ ಮನೋಹರ ಗ್ರಂಥಮಾಲೆ ಎಂಬ ಪ್ರಕಾಶನ ಚಂದಾದಾರರನ್ನು ಕೂಡಿಸಿಕೊಂಡು ಬೆಳೆಯಿತು. ನೀನೂ ಅಚ್ಚಿಗೆ ಕೊಡುವ ಮುಂಚೆಯೇ ಹೆಸರು ಬರೆಸಿಕೋ. ಶಾಲೆಯ ಮೇಷ್ಟ್ರು, ತೋಟದ ಲೆಕ್ಕ ಬರೆಯುವ ರೈಟರು, ಸಂತೆಗೆ ಬರುವವರು, ಯಾರನ್ನೂ ಬಿಡಬೇಡ. ಕೇಳುವುದಕ್ಕೆ ನಾಚಿಕೆ ಬೇಡ.

ಒಂದು ಕಡೆ ಮಾತ್ರ ಜಿಪುಣತನ ಮಾಡಬೇಡ. ಬೆನ್ನಿಗೆ ಬರೀ ಅಂಟು ಹಾಕಿಸಿದರೆ ನಾಲ್ಕು ಕೈ ದಾಟುವಷ್ಟರಲ್ಲಿ ಹಾಳೆ ಕಳಚುತ್ತದೆ. ಫಾರಂಗಳನ್ನು, ಅಂದರೆ ಅಚ್ಚಾದ ಹಾಳೆ ಮಡಚಿದ ಕಟ್ಟುಗಳನ್ನು, ದಾರದಲ್ಲಿ ಹೊಲಿಸಿ, ಆಮೇಲೆ ತೆಳು ಹೊದಿಕೆ ಹಾಕಿಸು. ಸ್ವಲ್ಪ ಖರ್ಚು ಹೆಚ್ಚಾಗುತ್ತದೆ, ಆದರೂ ಬೆಲೆ 150 ದಾಟಿಸಬೇಡ. ಅಕ್ಷರವನ್ನೂ ಸಣ್ಣದು ಮಾಡಬೇಡ, ಸಂಜೆ ಮಂದ ದೀಪದಲ್ಲಿ ಓದುವವರಿದ್ದಾರೆ.

ಕರಡು ನನಗೆ ಕಳಿಸು, ತಿದ್ದಿಕೊಡುತ್ತೇನೆ. ನಿನ್ನ ಅಮ್ಮನ ಕೈಯಲ್ಲಿ 20 ಪ್ರತಿಯ ಹಣ ಕಳಿಸಿದ್ದೇನೆ. ಚಂದಾದಾರರ ಪಟ್ಟಿಯಲ್ಲಿ ಮೊದಲ ಹೆಸರು ನನ್ನದೇ ಇರಲಿ.

ನಿನ್ನ
ಮಾವ