ಬಿಳಿ ಪದರ ಬಿಟ್ಟುಹೋದರೂ ಎಚ್ಚರಿಸದ ರಿಪ್ ಸಾಫ್ಟ್‌ವೇರ್ ಬಗ್ಗೆ ದೂರು

ಇವರಿಂದ,
ಯುವಿ ಫ್ಲಾಟ್‌ಬೆಡ್ ಮುದ್ರಣ ಘಟಕ, ಹುಬ್ಬಳ್ಳಿ

ಇವರಿಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ,
ರಿಪ್ ಸಾಫ್ಟ್‌ವೇರ್ ಪೂರೈಕೆದಾರ ಸಂಸ್ಥೆ

ವಿಷಯ: ಹೊಸ ಆವೃತ್ತಿ ಹಾಕಿದ ಮೇಲೆ ಕಲರ್-ವೈಟ್-ಕಲರ್ ಮೂರು ಪದರದ ಮುದ್ರಣ ಕೆಡುತ್ತಿರುವ ಬಗ್ಗೆ.

ಮಾನ್ಯರೇ,

ವಿನ್ಯಾಸದ ಫೈಲನ್ನು ಪ್ರಿಂಟರ್ ಮುದ್ರಿಸಬಲ್ಲ ರೂಪಕ್ಕೆ ತಿರುಗಿಸುವ ನಿಮ್ಮ ರಿಪ್ ಸಾಫ್ಟ್‌ವೇರ್‌ನ ಹೊಸ ಆವೃತ್ತಿ ಬಂದಾಗಿನಿಂದ ನಮ್ಮಲ್ಲಿ ಹಗಲಿನಲ್ಲೂ ರಾತ್ರಿ ದೀಪದಲ್ಲೂ ಸರಿಯಾಗಿ ಕಾಣಬೇಕಾದ ಹಗಲು-ರಾತ್ರಿ ಬೋರ್ಡುಗಳ ಕೆಲಸ ನಿಂತಿದೆ. ಬಿಳಿ ಇಂಕ್ ಎಲ್ಲಿ ಬೀಳಬೇಕೆಂದು ತಿಳಿಸುವ, ಫೈಲಿನಲ್ಲಿರುವ ಬಿಳಿ ಚಾನೆಲ್ ಗುರುತು ಸಿಗದಿದ್ದರೆ ಸಾಫ್ಟ್‌ವೇರ್ ಅಲ್ಲೇ ನಿಂತು ಹೇಳಬೇಕು. ನಿಮ್ಮದು ಏನೂ ಹೇಳದೆ ಪ್ರಿಂಟ್‌ಗೆ ಕಳಿಸಿಬಿಡುತ್ತದೆ. ನಮ್ಮ ದೂರಿನ ತಿರುಳು ಇದೇ.

ಕೆಲಸ ಹೀಗಿದೆ: 3 ಎಂಎಂ ಪಾರದರ್ಶಕ ಅಕ್ರಿಲಿಕ್ ಶೀಟಿನ ಹಿಂಬದಿಗೆ ಮಿರರ್ ಮಾಡಿ ಮುದ್ರಿಸುತ್ತೇವೆ. ಮೊದಲು ಕಲರ್, ಅದರ ಮೇಲೆ ವೈಟ್, ಕೊನೆಗೆ ಮತ್ತೆ ಅದೇ ಕಲರ್. ಹಗಲಿನಲ್ಲಿ ಬಿಳಿ ಪದರ ಬೆಳಕನ್ನು ಹಿಂದಿರುಗಿಸುವುದರಿಂದ ಮೊದಲ ಕಲರ್ ಸರಿಯಾಗಿ ಕಾಣುತ್ತದೆ. ರಾತ್ರಿ ಹಿಂದಿನಿಂದ ಎಲ್‌ಇಡಿ ಹೊತ್ತಿದಾಗ ಒಂದೇ ಪದರದ ಬಣ್ಣ ಪೇಲವವಾಗುತ್ತದೆ, ಆ ಕೊರತೆಯನ್ನು ಮೂರನೆಯ ಪದರ ತುಂಬುತ್ತದೆ. ನಡುವಿನ ಬಿಳಿ ತೆಳುವಾದರೆ ಎಲ್‌ಇಡಿ ಚುಕ್ಕಿಗಳು ಎದ್ದು ಕಾಣುತ್ತವೆ, ದಪ್ಪವಾದರೆ ಬೆಳಕೇ ಹೊರಬರುವುದಿಲ್ಲ. ಅಂದರೆ ಇಡೀ ಬೋರ್ಡು ನಿಂತಿರುವುದು ಆ ಬಿಳಿಯ ಮೇಲೆ.

ಇಲಸ್ಟ್ರೇಟರ್‌ನಲ್ಲಿ ಬಿಳಿಗೆ ಒಂದು ಸ್ಪಾಟ್ ಸ್ವಾಚ್, ಅಂದರೆ ಪ್ರತ್ಯೇಕ ಹೆಸರಿನ ಬಣ್ಣ, ಮಾಡುತ್ತೇವೆ. ಪರದೆಯ ಮೇಲೆ ಬಿಳಿ ಕಾಣುವುದಿಲ್ಲವಾದ್ದರಿಂದ ಅದಕ್ಕೆ ಶೇ 100 ಮೆಜೆಂಟಾ (ಕಡು ಗುಲಾಬಿ ಬಣ್ಣ) ಕೊಟ್ಟು, ಕೆಳಗಿನ ಚಿತ್ರ ಕತ್ತರಿಸಿಹೋಗದಂತೆ ಓವರ್‌ಪ್ರಿಂಟ್ ಆನ್ ಮಾಡಿ ಪಿಡಿಎಫ್ ಕಳಿಸುತ್ತೇವೆ. ಈ ಕ್ರಮ ನಿಮ್ಮ ಕೈಪಿಡಿಯಲ್ಲೇ ಇದೆ. ಹಳೆಯ ಆವೃತ್ತಿ ಸ್ವಾಚ್ ಹೆಸರಿನಲ್ಲಿ ದೊಡ್ಡಕ್ಷರ, ಸಣ್ಣಕ್ಷರ, ನಡುವಿನ ಖಾಲಿ ಜಾಗ ಯಾವುದನ್ನೂ ಲೆಕ್ಕಕ್ಕೆ ಇಡುತ್ತಿರಲಿಲ್ಲ. ಹೊಸದು ಅಕ್ಷರಕ್ಕೆ ಅಕ್ಷರ ಹೊಂದಿದರೆ ಮಾತ್ರ ಒಪ್ಪುತ್ತದೆ. ಕೈಪಿಡಿಯಲ್ಲಿ ಮಾತ್ರ ಇನ್ನೂ ಹಳೆಯ ಹೆಸರೇ ಉಳಿದಿದೆ.

ಹೆಸರು ಹೊಂದದಿದ್ದಾಗ ಸಾಫ್ಟ್‌ವೇರ್ ಆ ಸ್ಪಾಟ್ ಅನ್ನು ಅದರ ಬದಲಿ ಬಣ್ಣಕ್ಕೆ, ಅಂದರೆ ಮೆಜೆಂಟಾಕ್ಕೆ ತಿರುಗಿಸುತ್ತದೆ. ಬಿಳಿ ಪದರ ಖಾಲಿ ಉಳಿಯುತ್ತದೆ, ಮೇಲಿನ ಮತ್ತು ಕೆಳಗಿನ ಎರಡೂ ಕಲರ್ ಪದರಗಳಿಗೆ ಮೆಜೆಂಟಾ ಸೇರಿಕೊಳ್ಳುತ್ತದೆ. ಹಳದಿ-ಕೆಂಪು ಬಾವುಟ ಇರುವ ಬೋರ್ಡಿನಲ್ಲಿ ಹಳದಿ ಪಟ್ಟೆಗೂ ಮೆಜೆಂಟಾ ಬಿದ್ದು ಎರಡೂ ಪಟ್ಟೆ ಒಂದೇ ಕೆಂಪಾಗಿ ಬಂದಿವೆ, ನಡುವಿನ ಗೆರೆಯೇ ಅಳಿಸಿಹೋಗಿದೆ. ಮುದ್ರಿಸುವ ಮೊದಲೇ ಇದನ್ನು ಹಿಡಿಯಲೂ ದಾರಿಯಿಲ್ಲ. ಬಿಳಿ ಸರಿಯಿದ್ದರೂ ಇಲ್ಲದಿದ್ದರೂ ಪ್ರಿವ್ಯೂನಲ್ಲಿ ಆ ಜಾಗ ಮೆಜೆಂಟಾ ಆಗಿಯೇ ಕಾಣುತ್ತದೆ. ಲಾಗ್‌ನಲ್ಲಿ 'ಕೆಲಸ ಯಶಸ್ವಿ' ಎಂದೇ ಬರುತ್ತದೆ.

ನಿಮ್ಮ ಸಪೋರ್ಟ್‌ನಿಂದ ಮೊದಲು ಬಂದ ಉತ್ತರ, ವೈಟ್ ಇಂಕ್ ತಳ ಕಟ್ಟಿರಬೇಕು ಎಂದು. ಟೈಟಾನಿಯಂ ಡೈಆಕ್ಸೈಡ್ ಭಾರವಾದ್ದರಿಂದ ತಳಕ್ಕೆ ಇಳಿಯುವುದು ನಿಜ. ಅದಕ್ಕೇ ದಿನವೂ ಇಂಕ್ ಕಲಕಿ, ಇಂಕ್ ಚಿಮ್ಮುವ ರಂಧ್ರಗಳ ನಾಝಲ್ ಚೆಕ್ ತೆಗೆದ ಮೇಲೆಯೇ ಕೆಲಸ ಶುರುವಾಗುತ್ತದೆ. ಅದೇ ಮೆಷಿನ್, ಅದೇ ಇಂಕ್, ಅದೇ ದಿನ ಸಾಫ್ಟ್‌ವೇರ್ ತಾನೇ ಬಿಳಿ ಸೇರಿಸುವ ಎರಡು ಪದರದ ಆಟೋ ವೈಟ್ ಹಾಕಿದರೆ ಗಟ್ಟಿ ಬಿಳಿ ಬೀಳುತ್ತದೆ. ತಪ್ಪು ಹೆಡ್‌ನಲ್ಲೂ ಇಲ್ಲ, ಇಂಕ್‌ನಲ್ಲೂ ಇಲ್ಲ.

ಎರಡನೆಯ ಸಲಹೆ, ಮೂರು ಪದರಗಳನ್ನು ಮೂರು ಪ್ರತ್ಯೇಕ ಜಾಬ್ ಮಾಡಿ ಒಂದರ ಮೇಲೊಂದು ಹೊಡೆಯಿರಿ ಎಂದು. ಚಿಕ್ಕ ನಾಮಫಲಕಕ್ಕೆ ಇದು ನಡೆದೀತು. 8×4 ಅಡಿ ಶೀಟಿಗೆ ನಡೆಯುವುದಿಲ್ಲ. ಅಕ್ರಿಲಿಕ್ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ ಸುಮಾರು 0.07 ಎಂಎಂ ಹಿಗ್ಗುತ್ತದೆ. 2440 ಎಂಎಂ ಉದ್ದದ ಶೀಟು ಇಂಕ್ ಗಟ್ಟಿಯಾಗಿಸುವ ಕ್ಯೂರಿಂಗ್ ಲ್ಯಾಂಪಿನ ಬಿಸಿಗೆ 10 ಡಿಗ್ರಿ ಏರಿದರೆ ಆ ತುದಿಯಲ್ಲಿ 1.7 ಎಂಎಂ ವ್ಯತ್ಯಾಸ ಬಂತು. ಮೊದಲ ಕಲರ್‌ಗೂ ಮೂರನೆಯ ಕಲರ್‌ಗೂ ಅಷ್ಟು ಅಂತರ ಬಿದ್ದರೆ ದೀಪ ಹಾಕಿದಾಗ ಪ್ರತಿ ಅಕ್ಷರಕ್ಕೂ ನೆರಳು ಬಿದ್ದಂತೆ ಕಾಣುತ್ತದೆ. ಅದು ಸಾಲದೆಂಬಂತೆ, ಇಡೀ ಪದರ ಮುಗಿದು ಪೂರ್ತಿ ಕ್ಯೂರ್ ಆದ ಮೇಲ್ಮೈಗೆ ಮುಂದಿನ ಪದರ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಒಂದೇ ಓಟದಲ್ಲಿ ನಾಝಲ್‌ಗಳನ್ನು ಮೂರು ಪಾಲು ಮಾಡಿ ಮೂರೂ ಪದರ ಹಾಕುವ ಸೌಲಭ್ಯಕ್ಕೆಂದೇ ಈ ಸಾಫ್ಟ್‌ವೇರ್ ಕೊಂಡಿದ್ದು. ಆ ವಿಧಾನದಲ್ಲಿ ವೇಗ ಮೂರನೇ ಒಂದಕ್ಕೆ ಇಳಿಯುತ್ತದೆ, ಆದರೂ ಅದನ್ನೇ ಬಳಸುವುದು ಪದರಗಳು ಕೂದಲೆಳೆಯಷ್ಟೂ ಜರುಗುವುದಿಲ್ಲ ಎಂಬ ಕಾರಣಕ್ಕೆ.

ಇನ್ನೊಂದು ತೊಂದರೆ ಚೋಕ್‌ನದು. ಕಲರ್ ಅಂಚಿನಿಂದ ಬಿಳಿ ಇಣುಕದಿರಲೆಂದು ಬಿಳಿಯನ್ನು ಒಳಕ್ಕೆ ಸರಿಸುವ ಈ ಅಳತೆ ಮೊದಲು 1 ಪಿಕ್ಸೆಲ್ ಇತ್ತು. ಅಪ್‌ಡೇಟ್ ಅದನ್ನು ತಾನಾಗಿಯೇ 3 ಮಾಡಿದೆ. 720 ಡಿಪಿಐನಲ್ಲಿ ಒಂದು ಪಿಕ್ಸೆಲ್ ಅಂದರೆ 0.035 ಎಂಎಂ, ಮೂರು ಪಿಕ್ಸೆಲ್ ಎರಡೂ ಕಡೆಯಿಂದ ಕಳೆದರೆ 0.21 ಎಂಎಂ ಹೋಯಿತು. ಕಪ್ಪು ಅಕ್ರಿಲಿಕ್ ಮೇಲಿನ ಸಣ್ಣ ಕನ್ನಡ ಸಾಲಿನಲ್ಲಿ ಒತ್ತಕ್ಷರದ ಗೆರೆ 0.3 ಎಂಎಂ ಇದ್ದರೆ ಅದರಡಿ ಉಳಿಯುವ ಬಿಳಿ 0.09 ಎಂಎಂ. 'ಮಲ್ಲಿಕಾರ್ಜುನ' ಎಂದು ಬರೆದರೆ ಮೇಲಿನ ಅಕ್ಷರ ಹೊಳೆಯುತ್ತದೆ, ಕೆಳಗಿನ ಲ ಒತ್ತು ಕಪ್ಪಿನಲ್ಲಿ ಮುಳುಗಿಹೋಗುತ್ತದೆ. ಇಂಗ್ಲಿಷ್ ಅಕ್ಷರ ಇಟ್ಟು ಪರೀಕ್ಷಿಸಿದವರಿಗೆ ಇದು ಹೊಳೆಯಲಿಕ್ಕಿಲ್ಲ. ಅಂಗಡಿ ಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂಬ 2024ರ ತಿದ್ದುಪಡಿ ಜಾರಿಯಲ್ಲಿರುವ ರಾಜ್ಯದಲ್ಲಿ ಮಾರುವ ಸಾಫ್ಟ್‌ವೇರ್ ಕನ್ನಡದ ಒತ್ತಕ್ಷರವನ್ನು ನುಂಗಬಾರದು.

ಆದ್ದರಿಂದ ನಮ್ಮ ಬೇಡಿಕೆಗಳು: ಫೈಲಿನಲ್ಲಿರುವ ಯಾವುದೇ ಸ್ಪಾಟ್ ಹೆಸರು ಹೊಂದದಿದ್ದರೆ, ಅಥವಾ ಮೂರು ಪದರದ ಜಾಬ್‌ನಲ್ಲಿ ಬಿಳಿ ಚಾನೆಲ್ ಖಾಲಿ ಇದ್ದರೆ, ಕೆಲಸ ತಡೆದು ಆಪರೇಟರ್‌ಗೆ ತಿಳಿಸುವ ತಿದ್ದುಪಡಿ ಕೊಡಿ. ಪ್ರಿವ್ಯೂನಲ್ಲಿ ಪ್ರತಿ ಪದರ ಬೇರೆಬೇರೆಯಾಗಿ ಕಾಣಲಿ. ಚೋಕ್ ಅಳತೆಯನ್ನು ಗ್ರಾಹಕರು ಇಟ್ಟಂತೆಯೇ ಉಳಿಸಿ. ಕೈಪಿಡಿಯ ಆ ಪುಟ ತಿದ್ದಿ. ಇದೆಲ್ಲ ಆಗುವವರೆಗೆ ಹಳೆಯ ಆವೃತ್ತಿಗೆ ಮರಳಲು ಅದರ ಇನ್‌ಸ್ಟಾಲರ್ ಮತ್ತು ಲೈಸೆನ್ಸ್ ಕೀ ತಕ್ಷಣ ಒದಗಿಸಿ, ಕೆಲಸ ನಿಂತ ದಿನಗಳಷ್ಟು ವಾರ್ಷಿಕ ನಿರ್ವಹಣಾ ಒಪ್ಪಂದದ ಅವಧಿ ವಿಸ್ತರಿಸಿ.

ತಪ್ಪು ಬಂದ ಪಿಡಿಎಫ್, ಲಾಗ್ ಫೈಲ್, ಎರಡೂ ಆವೃತ್ತಿಗಳಲ್ಲಿ ತೆಗೆದ ಪ್ರಿಂಟಿನ ಫೋಟೋಗಳನ್ನು ಲಗತ್ತಿಸಿದ್ದೇವೆ. ಹಾಳಾದ ಶೀಟುಗಳನ್ನು ಹಾಗೆಯೇ ಇಟ್ಟಿದ್ದೇವೆ, ನಿಮ್ಮ ಇಂಜಿನಿಯರ್ ಬಂದು ನೋಡಬಹುದು. 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕಾಗಿ ಕೋರುತ್ತೇವೆ.

ಇತಿ,
ಮುದ್ರಣ ಘಟಕದ ಪರವಾಗಿ